ದೇವಕಣಗಿಲೆಗೆ ಬ್ಯಾಂಡೇಜು

ನನ್ನ ಮಗ ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಆ ಕೆಲಸದ ಮೇಲೆ ನಮಗೆ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಕ್ವಾರ್ಟರ್ಸ್ ಸಿಕ್ಕಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಮುಂದುಗಡೆ ಕಾಂಪೌಂಡಿಗೆ ಒತ್ತಿಕೊಂಡು ಒಂದು ದೇವಕಣಗಿಲೆ ಮರ. ಮರ ಅವನೇ ನೆಟ್ಟದ್ದು. ಹೂ ಬಿಳಿ, ನಡುವೆ ಹಳದಿ; ಅಂಚಿನಲ್ಲಿ ಮಾತ್ರ, ಹತ್ತಿರ ಹಿಡಿದು ನೋಡಿದರೆ ಕಾಣುವಂತೆ, ಒಂದು ತೆಳು ಗುಲಾಬಿ ಗೆರೆ. ಆ ಗೆರೆ ಇರುವ ಹೂವನ್ನು ನಾನು ಬೇರೆ ಕಡೆ ನೋಡಿಲ್ಲ.

ಸೊಸೆ ಅದೇ ಆಸ್ಪತ್ರೆಯಲ್ಲಿ ನರ್ಸು. ಗಾಯಕ್ಕೆ ಕಟ್ಟು ಕಟ್ಟುವ ಡ್ರೆಸಿಂಗ್ ರೂಮು ಅವಳದಾಗಿತ್ತು. ಆ ಕೋಣೆಯಲ್ಲಿ ಕೀವು, ಸ್ಪಿರಿಟ್ಟು, ಫಿನಾಯಿಲು ಎಲ್ಲ ಕಲೆತು ಒಂದು ವಾಸನೆ ಇರುತ್ತದೆ. ಅದಕ್ಕಾಗಿ ಬೆಳಿಗ್ಗೆ ಮರದ ಕೆಳಗೆ ಉದುರಿದ ಹೂಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ, ಸ್ಟೀಲು ಟ್ರೇಯಲ್ಲಿ ನೀರು ಹಾಕಿ ತೇಲಿಬಿಡುತ್ತಿದ್ದಳು. "ನೋವಾದರೆ ಹೂ ನೋಡಿ, ನನ್ನ ಮುಖ ನೋಡಬೇಡಿ, ನನಗೆ ನಗು ಬರತ್ತೆ" ಎಂದು ರೋಗಿಗಳಿಗೆ ಹೇಳುತ್ತಿದ್ದಳಂತೆ. ನನ್ನ ಪಾಲಿನ ಹೂ ದೇವರ ಮುಂದೆ ಹೋಗುತ್ತಿತ್ತು. ಉಳಿದವು ನೆಲದಲ್ಲೇ ಬಾಡುತ್ತಿದ್ದವು. ಮರ ಕೊಡುವಷ್ಟನ್ನು ಬಳಸಿಕೊಳ್ಳಲು ನಮ್ಮ ಮನೆ ಸಾಲುತ್ತಿರಲಿಲ್ಲ.

ಸೊಸೆಯ ಕೈಗುಣ ಒಳ್ಳೆಯದೆಂದು ಹೆಸರಾಗಿತ್ತು. "ಆ ಸಿಸ್ಟರ್ ಬರೋ ತನಕ ಕಾಯ್ತೀವಿ, ಬೇರೆಯವರು ಮುಟ್ಟೋದು ಬೇಡ" ಎಂದು ಜನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಮೇಟ್ರನ್ ಒಮ್ಮೆ ನನ್ನೆದುರಿಗೇ, "ನಿಮ್ಮ ಸೊಸೆ ರಜೆ ಹಾಕಿದರೆ ಗಾಯಗಳೂ ಮುಷ್ಕರ ಹೂಡ್ತವೆ" ಎಂದಿದ್ದರು.

ಮಗನಿಗೆ ಸಕ್ಕರೆ ಕಾಯಿಲೆ ಇತ್ತು. ಏಣಿ ಇಳಿಯುವಾಗ ಪಾದಕ್ಕೆ ಒಂದು ಮೊಳೆ ಚುಚ್ಚಿತು. ಸಣ್ಣ ಗಾಯ. ಸೊಸೆ ಬೆಳಿಗ್ಗೆ ಸಂಜೆ ತೊಳೆದಳು, ಡಾಕ್ಟರು ಹೇಳಿದ ಔಷಧ ಹಚ್ಚಿದಳು, ಅವರು ಹೇಳಿಕೊಟ್ಟ ಹಾಗೆಯೇ ಗಾಜ್ ಎನ್ನುವ ಜಾಳು ಬಟ್ಟೆಯನ್ನು ಒದ್ದೆ ಮಾಡಿ ಇಟ್ಟು ಕಟ್ಟಿದಳು. ಗಾಯ ಒಣಗಿ ಸೆಟೆದುಕೊಳ್ಳಬಾರದು, ತೇವವಿದ್ದರೆ ಒಳಗಿನಿಂದ ಮಾಂಸ ತುಂಬಿ ಬರುತ್ತದೆ ಎನ್ನುವುದು ಅವಳು ಕಲಿತ ವಿದ್ಯೆ. ನೂರಾರು ಜನಕ್ಕೆ ಹಾಗೆಯೇ ವಾಸಿ ಮಾಡಿದ್ದಳು. ಇವನಿಗೆ ಆಗಲಿಲ್ಲ. ಬೆರಳು ಹೋಯಿತು, ಪಾದ ಹೋಯಿತು, ಆಮೇಲೆ ಅವನೂ ಹೋದ. ದೇವರ ಲೆಕ್ಕ ನಮಗೆ ತಿಳಿಯುವುದಿಲ್ಲ. ತಿಳಿಯುವುದಿಲ್ಲವೆಂದು ಬಾಯಲ್ಲಿ ಹೇಳುತ್ತೇನೆ; ಹೊಟ್ಟೆ ಕೇಳುವುದಿಲ್ಲ.

ಕೆಲಸಕ್ಕೆ ಮರಳಿದ ದಿನವೇ ಸೊಸೆ ಮೇಟ್ರನ್ ಹತ್ತಿರ ಹೋಗಿ ತನ್ನನ್ನು ಚೀಟಿ ಕೌಂಟರಿಗೆ ಹಾಕಬೇಕೆಂದು ಕೇಳಿಕೊಂಡಳು. ಅಂದಿನಿಂದ ಜಾಲರಿಯ ಹಿಂದೆ ಕೂತು ಹೆಸರು, ವಯಸ್ಸು ಕೇಳಿ ಚೀಟಿ ಕೊಡುವುದೇ ಅವಳ ಕೆಲಸವಾಯಿತು. ನನ್ನ ಬೆರಳು ಈಳಿಗೆಗೆ ಸಿಕ್ಕಿ ರಕ್ತ ಬಂದಾಗಲೂ ಅವಳು ಹತ್ತಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ನೀವೇ ಒತ್ತಿ ಹಿಡ್ಕೊಳ್ಳಿ ಅತ್ತೆ" ಎಂದು ಆಚೆ ಹೋದಳು.

ಕ್ವಾರ್ಟರ್ಸು ಮಗನ ಹೆಸರಿನಲ್ಲಿದ್ದುದರಿಂದ ಬಿಡಬೇಕಾಯಿತು. ಎರಡು ಬೀದಿಯಾಚೆ ಒಬ್ಬ ದರ್ಜಿಯ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಅವನ ಅಂಗಡಿ, ಮೇಲೆ ನಾವು. ಬಾಗಿಲ ಮುಂದೆ ಬಿಸಿಲು ಬೀಳುವ ಅಗಲವಾದ ಬಿಸಿಲುಮಚ್ಚು. ಮಣ್ಣಿಲ್ಲ ಅನ್ನುವುದೊಂದೇ ಕೊರತೆ.

"ಮರ ಹೊತ್ಕೊಂಡು ಹೋಗೋಕಾಗಲ್ಲ ಅತ್ತೆ. ಕೊಂಬೆ ತಗೊಂಡು ಹೋಗೋಣ" ಎಂದು ಸೊಸೆಯೇ ಹೇಳಿದಳು. ಮಗನ ವಿಷಯಕ್ಕೆ ಸೇರಿದ ಏನನ್ನಾದರೂ ಅವಳಾಗಿ ಎತ್ತಿದ್ದು ಅದೇ ಮೊದಲು. ನನಗೆ ಜೀವ ಬಂದ ಹಾಗಾಯಿತು.

ಸಾಮಾನು ಸಾಗಿಸುವ ದಿನ ಕುಡುಗೋಲು ತಂದು ನಾಲ್ಕೈದು ಕೊಂಬೆ ಕಡಿದಳು. ದೇವಕಣಗಿಲೆಯನ್ನು ಕಡಿದವರಿಗೆ ಗೊತ್ತು, ಕಡಿದ ಜಾಗದಲ್ಲಿ ಬಿಳಿ ಹಾಲು ಸುರಿಯುತ್ತದೆ. ತೊಟ್ಟಿಕ್ಕುವುದಲ್ಲ, ಸುರಿಯುತ್ತದೆ. ಸೊಸೆ ಅದನ್ನು ನೋಡಿ ಕುಡುಗೋಲು ಕೆಳಗಿಟ್ಟಳು. ಆಮೇಲೆ ಒಳಗೆ ಓಡಿ, ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ, ತನ್ನ ಹಳೆಯ ಸಾಮಾನೆಲ್ಲ ಹೊರಗೆ ತಂದಳು. ಒಂದೊಂದೇ ಕೊಂಬೆಯ ತುದಿಯನ್ನು ತೊಳೆದಳು, ಮುಲಾಮು ಸವರಿದಳು, ಒದ್ದೆ ಗಾಜ್ ಬಟ್ಟೆ ಸುತ್ತಿದಳು, ಅದರ ಮೇಲೆ ಬಟ್ಟೆ ಸುತ್ತಿ ಗಂಟು ಹಾಕಿದಳು. ಎಷ್ಟೋ ತಿಂಗಳ ಮೇಲೆ ಅವಳ ಕೈ ಆ ಕೆಲಸ ಮಾಡುತ್ತಿತ್ತು. ಬೇಡ ಎನ್ನುವಷ್ಟು ನನಗೆ ಗಿಡದ ವಿದ್ಯೆಯೂ ಗೊತ್ತಿರಲಿಲ್ಲ.

ಅಂದು ಸಂಜೆಯೇ ಹಳೆಯ ಪೇಂಟಿನ ಬಕೆಟ್ಟುಗಳಲ್ಲಿ ಕಪ್ಪು ಮಣ್ಣು ತುಂಬಿ, ಗಾಜ್ ಬಟ್ಟೆ ಬದಲಾಯಿಸಿ, ಹೊಸ ಕಟ್ಟಿನ ಸಮೇತ ಕೊಂಬೆಗಳನ್ನು ನೆಟ್ಟಳು. ಮಣ್ಣಿನ ಮೇಲೆ ಬಿಳಿ ಬಟ್ಟೆಯ ಅಂಚು ಕಾಣುತ್ತಿತ್ತು. ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಕೌಂಟರಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲು ಬಕೆಟ್ಟಿನ ಮುಂದೆ ಕೂರುತ್ತಿದ್ದಳು.

ದರ್ಜಿ ಒಂದು ದಿನ ಮೇಲೆ ಬಂದು, ಕತ್ತಿನಲ್ಲಿದ್ದ ಟೇಪನ್ನು ಸರಿಮಾಡಿಕೊಳ್ಳುತ್ತ ನೋಡಿದ.

"ಅಮ್ಮಾ, ಇವಕ್ಕೆ ಏನಾಯ್ತು? ಸ್ಕೂಟರ್‍ನಿಂದ ಬಿದ್ವಾ?"

"ಕೊಂಬೆ ನೆಟ್ಟಿದ್ದೇವಪ್ಪ."

"ಅದು ಸರಿ, ಪ್ಲಾಸ್ಟರ್ ಬಿಚ್ಚೋದು ಯಾವಾಗ?"

ಸೊಸೆ ಒಳಗಿನಿಂದಲೇ, "ನೀವು ನನ್ನ ರವಿಕೆ ಕೊಟ್ಟ ದಿನ!" ಎಂದಳು. ಅದನ್ನು ಕೊಡುತ್ತೇನೆಂದು ಅವನು ನಾಳೆ ನಾಳೆ ಅನ್ನುತ್ತಲೇ ಇದ್ದ. ದರ್ಜಿ ನಾಲಿಗೆ ಕಚ್ಚಿಕೊಂಡು ಕೆಳಗಿಳಿದ. ನಾವಿಬ್ಬರೂ ನಕ್ಕೆವು. ಆ ಮನೆಯಲ್ಲಿ ಅದು ಮೊದಲ ನಗು ಇರಬೇಕು.

ಕೆಲವು ವಾರ ಕೊಂಬೆಗಳು ಗಟ್ಟಿಯಾಗಿಯೇ ಇದ್ದವು. ಚಳಿ ಶುರುವಾಯಿತು. ಆಮೇಲೆ ಒಂದು ಕೊಂಬೆ ತಾನಾಗಿ ವಾಲಿತು. ಸೊಸೆ ನೆಟ್ಟಗೆ ಮಾಡಲು ಹಿಡಿದಳು. ಕೈಯ ಒತ್ತಡಕ್ಕೆ ಬುಡ ಕಳಿತ ಬಾಳೆಹಣ್ಣಿನ ಹಾಗೆ ಜಾರಿತು. ಒಳಗೆಲ್ಲ ಕಪ್ಪು, ನೀರು ನೀರು. ವಾಸನೆ ಬೇರೆ. ಎರಡನೆಯದನ್ನು ಕಿತ್ತಳು, ಹಾಗೆಯೇ. ಎಲ್ಲವೂ ಹಾಗೆಯೇ. ಕಟ್ಟಿದ್ದ ಗಾಜ್ ಬಟ್ಟೆ ಮಾತ್ರ ಗಂಟು ಸಡಿಲದೆ ಅಚ್ಚುಕಟ್ಟಾಗಿ ಇತ್ತು.

ಅವಳು ಅಳಲಿಲ್ಲ. ಕೊಳೆತ ಕೊಂಬೆಗಳನ್ನು ಬುಟ್ಟಿಗೆ ಹಾಕಿ, ನಲ್ಲಿಯ ಕೆಳಗೆ ಕೈ ತೊಳೆದಳು. ತೊಳೆಯುತ್ತಲೇ ಇದ್ದಳು. ಸೋಪು ಕರಗಿ ಎಲೆಯಷ್ಟು ತೆಳುವಾಯಿತು.

"ಸಾಕು ಕಣೇ, ಚರ್ಮ ಸುಲಿದೀತು" ಎಂದೆ.

"ನನ್ನ ಕೈಗೆ ಬಂದದ್ದೆಲ್ಲ ಹೀಗೇ ಅತ್ತೆ. ಕೊಳೀತಾವೆ."

ನನ್ನ ಮಗ ಹೋದ ಮೇಲೆ ಅವಳ ಬಾಯಲ್ಲಿ ಬಾರದೆ ಉಳಿದಿದ್ದ ಮಾತು ಇದು. ಇಷ್ಟು ಕಾಲ ಅವಳು ಕೌಂಟರಿನ ಹಿಂದೆ ಬಚ್ಚಿಟ್ಟುಕೊಂಡದ್ದು ಕೈಗಳನ್ನೇ ಎಂದು ನನಗೆ ಆಗ ಅರ್ಥವಾಯಿತು. ಮರ ಹೋದರೆ ನನ್ನ ಮಗನ ಒಂದು ಗುರುತು ಹೋಗುತ್ತದೆ, ಅಷ್ಟೆ. ಇವಳು ಹೀಗೇ ಉಳಿದರೆ ಬದುಕಿರುವ ಒಬ್ಬಳು ಹೋದಂತೆ.

"ಕಾಲು ಬೇರೆ, ಕೊಂಬೆ ಬೇರೆ. ಡಾಕ್ಟರು ಹೇಳಿದ್ದರಲ್ಲಿ ಒಂದು ಗುಂಜಿಯಷ್ಟನ್ನೂ ನೀನು ಬಿಡಲಿಲ್ಲ" ಎಂದೆ.

"ಗೊತ್ತು. ತಲೆಗೆ ಗೊತ್ತು. ಕೈ ಕೇಳಲ್ಲ."

ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಎದ್ದಾಗ ಅವಳು ಖಾಲಿ ಬಕೆಟ್ಟಿನ ಮಣ್ಣನ್ನು ಕಾಗದದ ಮೇಲೆ ಹರವುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅವನು ಆ ಮರದ ಕೊಂಬೆ ತಂದಾಗ ಹೇಗಿತ್ತು, ನೆನಪಿದೆಯಾ?"

"ಗಾಳಿಗೆ ಮುರಿದು ರಸ್ತೆಯಲ್ಲಿ ಬಿದ್ದಿತ್ತು ಅಂತ ತಂದ್ರು."

"ತಂದವನು ಆವತ್ತೇ ನೆಟ್ಟನಾ?"

ಅವಳ ಕೈ ನಿಂತಿತು. "ಇಲ್ಲ. ವೈರುಗಳ ಜೊತೆ ಅಟ್ಟದ ಮೇಲೆ ಬಿಸಾಕಿದ್ರು. ಮರೆತೇ ಬಿಟ್ಟಿದ್ರು. ಯಾವುದೋ ಬಲ್ಬು ಹುಡುಕೋವಾಗ ಕೈಗೆ ಸಿಕ್ತು. ನಾನು ನಕ್ಕಿದ್ದೆ ಅತ್ತೆ. ಅಜ್ಜನ ಬೆರಳಿನ ಹಾಗೆ ಸುಕ್ಕಾಗಿತ್ತು. 'ಸೌದೆ ನೆಡ್ತಿದ್ದೀರಾ' ಅಂದೆ."

"ಅವನೇನಂದ?"

"'ನಿಮ್ಮ ಡ್ರೆಸಿಂಗ್ ರೂಮಿಗೆ ರೆಫರ್ ಮಾಡೋಷ್ಟು ಸೀರಿಯಸ್ ಇಲ್ಲ' ಅಂದ್ರು."

ನಕ್ಕಳೋ ಅತ್ತಳೋ ಹೇಳಲಾರೆ. ಎರಡೂ ಒಂದೇ ಮುಖದಲ್ಲಿ ಬಂದವು. ಮೂಗು ಒರೆಸಿಕೊಂಡು, "ಹಾಲು ಒಣಗಬೇಕಿತ್ತು. ಮುಚ್ಚಲೇಬಾರದಿತ್ತು. ನಾನು ಮನುಷ್ಯರಿಗೆ ಕಟ್ಟಿದ ಹಾಗೆ ಕಟ್ಟಿದೆ" ಎಂದಳು.

ಆ ವಾರವೇ ಆಸ್ಪತ್ರೆಯಿಂದ ಫೋನು ಬಂತು. ನಾವು ಬಿಟ್ಟ ಕ್ವಾರ್ಟರ್ಸಿಗೆ ಬಂದಿದ್ದವನು ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಎಲ್ಲರೂ ಅವನನ್ನು ಸೊಳ್ಳೆ ಎನ್ನುತ್ತಾರೆ. ಅವನೂ ಫೋನು ಎತ್ತಿದರೆ "ಸೊಳ್ಳೆ ಮಾತಾಡ್ತಿದ್ದೀನಿ" ಎನ್ನುತ್ತಾನೆ. ಆಂಬ್ಯುಲೆನ್ಸು ತಿರುಗಲು ಜಾಗ ಸಾಲದೆಂದು ಹಿಂದಿನ ಗೇಟನ್ನು ಅಗಲ ಮಾಡುತ್ತಾರಂತೆ. ಕಾಂಪೌಂಡು ಒಡೆಯುವಾಗ ಮರವೂ ಹೋಗುತ್ತದೆ. "ನಾಳೆ ಬೆಳಿಗ್ಗೆ ಗರಗಸದವರು ಬರ್ತಾರೆ ಅಮ್ಮಾ. ಬೇಕಿದ್ರೆ ಅದಕ್ಕೆ ಮುಂಚೆ ಬನ್ನಿ."

ನಾವು ಹೋದಾಗ ಅವನು ಆಗಲೇ ಏಣಿ ಹತ್ತಿ ನಿಂತಿದ್ದ. ಚಳಿಗೆ ಮರ ಎಲೆಯೆಲ್ಲ ಉದುರಿಸಿ ಬೋಳಾಗಿತ್ತು. ಬೂದು ಬಣ್ಣದ ದಪ್ಪ ಕೊಂಬೆಗಳು ಮಾತ್ರ, ಆಕಾಶಕ್ಕೆ ಮೊಣಕೈ ಮಡಚಿ ಹಿಡಿದ ಹಾಗೆ.

"ಇದು ಸತ್ತು ಹೋಗಿದೆಯೇನೋ ಅಮ್ಮಾ. ಒಂದು ಎಲೆ ಇಲ್ಲ. ಸತ್ತದ್ದನ್ನ ತಗೊಂಡು ಹೋಗಿ ಏನು ಮಾಡ್ತೀರಿ?" ಎಂದು ಮೇಲಿನಿಂದಲೇ ಕೇಳಿದ.

"ಚಳಿಗಾಲದಲ್ಲಿ ಅದು ಹಾಗೇ. ನೀನು ಕೊಯ್ಯಪ್ಪ, ಗೊತ್ತಾಗತ್ತೆ" ಎಂದೆ.

"ನಾನು ಕೊಯ್ಯೋಕೆ ಹುಟ್ಟಿದೋನಲ್ಲ, ಚುಚ್ಚೋಕೆ ಹುಟ್ಟಿದೋನು. ಆದರೂ ನಿಮಗೋಸ್ಕರ" ಎಂದು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ತಲೆಯ ಮೇಲಿನ ಕೊಂಬೆಗೆ ಗರಗಸ ಹಚ್ಚಿದ.

ಸೊಸೆ, "ಕನ್ನಡಕ ಹಾಕ್ಕೊಳ್ಳಿ, ಮೇಲೆ ನೋಡಬೇಡಿ" ಎನ್ನುವಷ್ಟರಲ್ಲಿ ಗರಗಸ ತೊಗಟೆ ದಾಟಿತ್ತು. ಅವನು ಮೇಲೆ ನೋಡಿದ. ಹಾಲು ನೇರ ಕಣ್ಣಿಗೆ ಬಿತ್ತು.

ಕಿರುಚಿಕೊಂಡು ಏಣಿಯಿಂದ ಜಾರಿ ಇಳಿದ. ಒಂದು ಕೈಯಲ್ಲಿ ಗರಗಸ ಹಾಗೇ ಇತ್ತು, ಇನ್ನೊಂದು ಕೈ ಕಣ್ಣಿನ ಮೇಲೆ.

"ಉಜ್ಜಬೇಡಿ! ಕೈ ಕೆಳಗೆ! ಕೈ ಕೆಳಗೆ ಅಂದೆ!"

ಕೂಗಿದ್ದು ಸೊಸೆ. ಆ ದನಿ ಕೇಳಿ ನಾನೂ ಕೈ ಕೆಳಗಿಟ್ಟೆ. ಅವಳು ಅವನ ರಟ್ಟೆ ಹಿಡಿದು ಎಳೆದುಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿದಳು. "ಅತ್ತೆ, ತಲೆ ಹಿಡ್ಕೊಳ್ಳಿ, ಅಲುಗಾಡಬಾರದು." ಹಿಡಿದುಕೊಂಡೆ. ಅವಳು ಮೊದಲು ತನ್ನ ಕೈ ತೊಳೆದು, ಎರಡು ಬೆರಳಿನಿಂದ ಅವನ ರೆಪ್ಪೆ ಬಿಡಿಸಿ, ಮಗ್ಗಿನಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಸಣ್ಣ ಧಾರೆಯಾಗಿ ನೀರು ಬಿಡತೊಡಗಿದಳು.

"ಕಣ್ಣು ಬಿಡಿ."

"ಆಗಲ್ಲ ಸಿಸ್ಟರ್, ಉರೀತಿದೆ!"

"ಆಗಬೇಕು. ಜನರಿಗೆ ಸೂಜಿ ಚುಚ್ಚುವಾಗ 'ಇರುವೆ ಕಚ್ಚಿದ ಹಾಗೆ, ಅಷ್ಟೇ' ಅಂತೀರಲ್ಲ? ಇದೂ ಇರುವೆನೇ."

"ಇದು ಚೇಳು ಸಿಸ್ಟರ್!"

"ಚೇಳೇ ಇರಲಿ. ಈ ಕಡೆ ನೋಡಿ. ಮೇಲೆ. ಈಗ ಕೆಳಗೆ."

"ಕಣ್ಣು ಹೋಯ್ತಾ? ನಿಜ ಹೇಳಿ. ಒಂದೇ ಕಣ್ಣಲ್ಲಿ ನರ ಹೇಗೆ ಹುಡುಕಲಿ?"

"ಎರಡು ಕಣ್ಣಿದ್ದಾಗಲೂ ನೀವು ಮೂರನೇ ಸಲಕ್ಕೆ ಹುಡುಕ್ತಿದ್ರಿ. ಸುಮ್ನೆ ಮಲಗಿ."

ಮಗ್ಗು ತುಂಬಿ ತುಂಬಿ ಖಾಲಿಯಾಯಿತು. ನನ್ನ ಸೀರೆ ಸೊಂಟದವರೆಗೆ ನೆನೆದು ತೊಪ್ಪೆಯಾಯಿತು. ಸಾಕೆನಿಸುವಷ್ಟು ತೊಳೆದ ಮೇಲೂ ತೊಳೆದಳು. ಆಮೇಲೆ ಅವನನ್ನು ಎಬ್ಬಿಸಿ, ರಟ್ಟೆ ಬಿಡದೆ, ಕಣ್ಣಿನ ವಿಭಾಗಕ್ಕೆ ನಡೆಸಿಕೊಂಡು ಹೋದಳು. ಕೊಂಬೆಯ ಮಾತನ್ನೇ ಮರೆತಿದ್ದಳು.

ನಾನು ಅಲ್ಲಿಯೇ ಉಳಿದೆ. ಗರಗಸದವರು ಬಂದರು. ಎಳೆಯ ಕೊಂಬೆ ಬೇಡ, ಮಗ ತಂದಿದ್ದಂಥದೇ, ಬೂದು ಬಣ್ಣಕ್ಕೆ ತಿರುಗಿದ, ಮೊಳದುದ್ದದ ಮೂರು ಕೊಂಬೆ ತೆಗೆದಿಡಿ ಎಂದು ಕೇಳಿಕೊಂಡೆ, ತೆಗೆದಿಟ್ಟರು. ನಂತರ ಬುಡಕ್ಕೆ ಗರಗಸ ಹಚ್ಚಿದರು. ದೇವಕಣಗಿಲೆಯ ಮರ ಮೆದು. ಹೆಚ್ಚು ಹೊತ್ತು ಹಿಡಿಯಲಿಲ್ಲ. ನನ್ನ ಮಗ ಸಂಜೆ ಬಂದು ಬೆನ್ನು ಆನಿಸಿ ಕೂರುತ್ತಿದ್ದ ಕಾಂಡ ಗೋಡೆಯ ಕಡೆಗೆ ಉರುಳಿತು. ಬುಡದ ಸುತ್ತ ನೆಲವೆಲ್ಲ ಬೆಳ್ಳಗಾಯಿತು. ಅಗಲಿದವರಿಗಾಗಿ ಹೇಳುವ ಪ್ರಾರ್ಥನೆಯನ್ನು ಮರಕ್ಕೆ ಹೇಳಬಹುದೋ ಇಲ್ಲವೋ, ನನ್ನನ್ನು ಯಾರೂ ಕೇಳಲಿಲ್ಲ. ಹೇಳಿದೆ. ಮಗನಿಗೆ ಹೇಳುವಾಗ ನಡುವೆಯೇ ನಿಂತು ಪೂರ್ತಿ ಮಾಡಲಾಗಿರಲಿಲ್ಲ. ಈ ಸಲ ಕೊನೆಯ ಶಬ್ದದವರೆಗೂ ಹೇಳಿದೆ.

ಸೊಸೆ ಮರಳಿ ಬಂದಾಗ ಮೋಟು ಬುಡವನ್ನು ಒಮ್ಮೆ ನೋಡಿ, ತೆಗೆದಿಟ್ಟ ಕೊಂಬೆಗಳನ್ನು ಎತ್ತಿಕೊಂಡಳು. ಹಿಂದೆಯೇ ಸೊಳ್ಳೆ ಬಂದ, ಕಣ್ಣಿಗೆ ದಪ್ಪ ಹತ್ತಿಯ ಪಟ್ಟಿ.

"ಡಾಕ್ಟರು 'ತೊಳೆದದ್ದು ಯಾರು' ಅಂತ ಕೇಳಿದ್ರು ಅಮ್ಮಾ. 'ಚೀಟಿ ಕೌಂಟರಿನವರು' ಅಂದೆ. 'ಚೀಟಿ ಕೌಂಟರಿನವರು ನಿನ್ನ ಕಣ್ಣು ಉಳಿಸಿದ್ದಾರೆ, ಹೋಗಿ ಸಾಲಲ್ಲಿ ನಿಂತು ಥ್ಯಾಂಕ್ಸ್ ಹೇಳು' ಅಂದ್ರು."

"ಮಾತು ಕಮ್ಮಿ ಮಾಡಿ, ಔಷಧ ಹೊತ್ತಿಗೆ ಸರಿಯಾಗಿ ಹಾಕಿಸ್ಕೊಳ್ಳಿ" ಎಂದಳು ಸೊಸೆ.

"ಹಾಕಿಸ್ಕೋತೀನಿ. ನಿಮ್ಮ ಹತ್ತಿರ ಮಾತ್ರ."

"ಅಲ್ಲಿ ಬೇರೆ ಸಿಸ್ಟರ್ ಇದ್ದಾರೆ."

"ಇರಲಿ. ನನಗಿರೋದು ಎರಡೇ ಕಣ್ಣು. ಬೇರೆಯವರ ಕೈಗೆ ಕೊಡಲ್ಲ."

ಅವನು ಸುಮ್ಮನೆ ಹೇಳಿದನೆಂದುಕೊಂಡಿದ್ದೆವು. ಮರುದಿನ ನಿಜವಾಗಿಯೂ ಚೀಟಿ ಕೌಂಟರಿನ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಜಾಲರಿಯೊಳಗೆ ಮುಖ ಒಡ್ಡಿದನಂತೆ. ಹಿಂದಿದ್ದವರೆಲ್ಲ ಗಲಾಟೆ. ಬೇರೆ ದಾರಿಯಿಲ್ಲದೆ ಸೊಸೆ ಎದ್ದು, ಅವನನ್ನು ಡ್ರೆಸಿಂಗ್ ರೂಮಿಗೆ ಕರೆದುಕೊಂಡು ಹೋಗಿ ಔಷಧ ಹಾಕಿ ಪಟ್ಟಿ ಬದಲಾಯಿಸಿದಳು. ಅದರ ಮರುದಿನವೂ ಬಂದ. ಮೂರನೆಯ ಸಲ ಅವಳು ಅಲ್ಲಿಗೆ ಹೋದಾಗ, ಬೆಂಚಿನ ಮೇಲಿದ್ದ ಹಳೆಯ ಪರಿಚಯದ ಮುದುಕಿಯೊಬ್ಬಳು ಮೊಣಕಾಲು ಮುಂದೆ ಚಾಚಿ, "ಬಂದ್ಯಾ ತಾಯಿ? ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದಳಂತೆ. ಮನೆಗೆ ಬಂದು ಸೊಸೆ ಇದನ್ನು ನನಗೆ ಹೇಳುವಾಗ ಅಕ್ಕಿ ತೊಳೆಯುತ್ತಿದ್ದಳು.

"ನೀನೇನಂದೆ?"

"ಏನನ್ನೋದು? ಬಿಚ್ಚಿ ನೋಡಿದೆ. ಯಾರೋ ಬಿಗಿಯಾಗಿ ಕಟ್ಟಿಬಿಟ್ಟಿದ್ರು. ಸಡಿಲ ಮಾಡಿ ಕಟ್ಟಿದೆ."

ಮಾತನ್ನು ಅಲ್ಲಿಗೇ ಬಿಟ್ಟು ಒಲೆ ಹಚ್ಚಿದೆ. ಕೇಳಿದರೆ ಎಲ್ಲಿ ಕೈ ಹಿಂತೆಗೆಯುತ್ತಾಳೋ ಎಂದು ಭಯ.

ಕೊಂಬೆಗಳು ಬೀರುವಿನ ಮೇಲೆ ಹಳೆಯ ಪತ್ರಿಕೆಯ ಹಾಸಿನಲ್ಲಿ ಒಣಗುತ್ತಿದ್ದವು. ಹಾಲು ಮೊದಲು ಮೇಣದಂತಾಗಿ, ಆಮೇಲೆ ಗಟ್ಟಿ ಪೊರೆಯಾಯಿತು. ಕೊಂಬೆಯ ಮೈ ಸುಕ್ಕುಗಟ್ಟಿತು. ಸೊಸೆಗೆ ಅದನ್ನು ನೋಡಿಕೊಂಡು ಸುಮ್ಮನಿರುವುದು ಸುಲಭವಾಗಿರಲಿಲ್ಲ. ಒಂದು ಮಧ್ಯಾಹ್ನ ನಾನು ಒಳಗೆ ಬಂದರೆ, ಸ್ಟೂಲಿನ ಮೇಲೆ ನಿಂತಿದ್ದಳು.

"ನೋಡ್ತಿದ್ದೆ ಅಷ್ಟೇ ಅತ್ತೆ."

"ನೋಡೋಕೆ ಮುಲಾಮಿನ ಟ್ಯೂಬು ಯಾಕೆ?"

ಟ್ಯೂಬನ್ನು ಬೆನ್ನ ಹಿಂದೆ ಮಾಡಿಕೊಂಡು ಚಿಕ್ಕ ಮಗುವಿನ ಹಾಗೆ ಕೆಳಗಿಳಿದಳು.

ಚಳಿ ಕಳೆಯುವ ಹೊತ್ತಿಗೆ ಬಕೆಟ್ಟುಗಳ ತಳಕ್ಕೆ ತೂತು ಹೊಡೆಸಿ, ಅರ್ಧಕ್ಕಿಂತ ಹೆಚ್ಚು ಮರಳು ಬೆರೆಸಿ, ಕೊಂಬೆಗಳನ್ನು ನೆಟ್ಟೆವು. ಗಾಳಿಗೆ ಅಲುಗದಂತೆ ಕಡ್ಡಿ ಕಟ್ಟಿದೆವು. ಚಿಗುರು ಕಾಣುವ ತನಕ ನೀರು ಬೇಡವೆಂದು ಕೊಡಲಿಲ್ಲ. ನೀರಿಲ್ಲದ ಗಿಡವನ್ನು ದಿನಾ ನೋಡುವುದು ನನಗೂ ಕಷ್ಟವೇ ಆಯಿತು. ಪ್ರಾರ್ಥನೆಗೆ ಕೂತಾಗಲೂ ಮನಸ್ಸು ಬಾಗಿಲಾಚೆ ಹೋಗುತ್ತಿತ್ತು. ಮೂರರಲ್ಲಿ ಒಂದು ಏಕೋ ಪೊಳ್ಳಾಯಿತು. ಅದನ್ನು ಕಿತ್ತು ಬಿಸಾಡಿದಾಗ ಸೊಸೆ, "ಹೋಗಲಿ ಬಿಡಿ" ಎಂದಳು, ಕೈ ತೊಳೆದಳು, ಕೈ ಒರೆಸಿಕೊಂಡಳು, ಕೆಲಸಕ್ಕೆ ಹೋದಳು. ಆ ಹೊತ್ತಿಗೆ ಅವಳು ಬೆಳಗಿನ ಪಾಳಿ ಪೂರ್ತಿ ಡ್ರೆಸಿಂಗ್ ರೂಮಿನಲ್ಲೇ ಇರುತ್ತಿದ್ದಳು. ಕೌಂಟರಿಗೆ ಬೇರೊಬ್ಬರನ್ನು ಹಾಕಿದ್ದೇನೆಂದು ಮೇಟ್ರನ್ ಅವಳನ್ನು ಕೇಳದೆಯೇ ತಿಳಿಸಿದ್ದರು.

ಬೇಸಿಗೆ ಚುರುಕಾದ ಮೇಲೆ ಒಂದು ಬೆಳಿಗ್ಗೆ ನಾನು ಹೊರಗೆ ಬಂದರೆ, ಒಂದು ಕೊಂಬೆಯ ತುದಿಯಲ್ಲಿ ಹಸಿರು. ಭತ್ತದ ಕಾಳಿನಷ್ಟು, ಚೂಪಾಗಿ, ಹೊಳೆಯುತ್ತ. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹೊಸ್ತಿಲಲ್ಲಿ ಕೂತು ಸೊಸೆಯನ್ನು ಕರೆದೆ.

ಅವಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತಿದ್ದಳು.

"ಬಾರೇ ಇಲ್ಲಿ, ಕೊಂಬೆ ನೋಡು!"

"ಬಂತಾ?"

"ಬಂತು!"

"ಸಂಜೆ ನೋಡ್ತೀನಿ ಅತ್ತೆ. ಕುದಿಯೋ ಎಣ್ಣೆ ಬಿದ್ದು ಕೈ ಸುಟ್ಕೊಂಡ ಹೆಂಗಸು ಬರ್ತಾಳೆ ಈಗ. ನಿನ್ನೆ ಕಟ್ಟಿದ್ದು, ಇವತ್ತು ನಾನೇ ಬಿಚ್ಚಬೇಕು, ಬೇರೆಯವರು ಎಳೆದುಬಿಡ್ತಾರೆ" ಎಂದು ಸಿಕ್ಕಿದ ಚಪ್ಪಲಿಯನ್ನು ಮೆಟ್ಟಿಕೊಂಡು, ಬಕೆಟ್ಟಿನ ಪಕ್ಕದಲ್ಲೇ ಹಾದು, ಅದರ ಕಡೆ ತಿರುಗಿಯೂ ನೋಡದೆ, ದಡದಡನೆ ಮೆಟ್ಟಿಲಿಳಿದು ಹೋದಳು.

ನಾನು ಮತ್ತೆ ಕೂಗಲಿಲ್ಲ. ಎಲೆ ಎಲ್ಲಿಗೂ ಹೋಗುವುದಿಲ್ಲ.